ಬಾಗಿಲಲ್ಲಿ ನಿಲ್ಲುವವರಿಗೂ ಬೇಕು ಶಿಕ್ಷಣ: ಥೀಮ್ ಪಾರ್ಕ್ ರೆಸಾರ್ಟ್‌ಗಳಲ್ಲಿ ರೆಸ್ಟೋರೆಂಟ್ ಸ್ವಾಗತಕಾರರ ತರಬೇತಿ

ಹೋಟೆಲ್ ಉದ್ಯಮದಲ್ಲಿ ಬಂಡವಾಳ ಹೂಡುವವರು ಅಡುಗೆಮನೆ, ಒಳಾಂಗಣ ಅಲಂಕಾರ, ನುರಿತ ಬಾಣಸಿಗರು, ವಾಹನ ನಿಲುಗಡೆ ಇವೆಲ್ಲವುಗಳಿಗೆ ಸಾಕಷ್ಟು ಗಮನ ನೀಡುತ್ತಾರೆ. ಆದರೆ ಗ್ರಾಹಕರು ಬಾಗಿಲಿಗೆ ಬಂದೊಡನೆ ಮೊದಲು ಕಾಣುವ ಮುಖ ಯಾರದು, ಮೊದಲು ಕೇಳುವ ಮಾತು ಯಾವುದು ಎಂಬುದರ ಕಡೆಗೆ ಅಷ್ಟೇ ಗಮನ ಹರಿಯುವುದು ಅಪರೂಪ. ಅನೇಕ ಕಡೆಗಳಲ್ಲಿ ಆ ಸ್ಥಾನದಲ್ಲಿ ನಿಲ್ಲುವವರು ಆ ದಿನ ಬೇರೆ ಕೆಲಸವಿಲ್ಲದವರು ಅಥವಾ ಕೆಲಸಕ್ಕೆ ಹೊಸದಾಗಿ ಸೇರಿದವರು. ಜನಸಂದಣಿಯೇ ಜೀವಾಳವಾಗಿರುವ ಥೀಮ್ ಪಾರ್ಕ್ ರೆಸಾರ್ಟ್‌ಗಳು ಈ ವಿಷಯದಲ್ಲಿ ಬೇರೊಂದು ದಾರಿಯನ್ನು ಹಿಡಿದಿವೆ. ಅಲ್ಲಿ ‘ಹೋಸ್ಟ್’ ಎಂದು ಕರೆಯಲ್ಪಡುವ ಸ್ವಾಗತಕಾರರ ಹುದ್ದೆಗೆ ಪ್ರತ್ಯೇಕ ತರಬೇತಿಯಿದೆ, ಪ್ರತ್ಯೇಕ ಹೊಣೆಗಾರಿಕೆಯಿದೆ. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ರೆಸಾರ್ಟ್‌ನ ಪದ್ಧತಿಯನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಈ ತರಬೇತಿಯ ಸ್ವರೂಪವನ್ನೂ ಅದರ ಹಿಂದಿರುವ ವ್ಯಾಪಾರೀ ತರ್ಕವನ್ನೂ ಇಲ್ಲಿ ವಿವರಿಸಲಾಗಿದೆ.

ರೆಸಾರ್ಟ್‌ನ ವ್ಯಾಪ್ತಿ

ಒರ್ಲ್ಯಾಂಡೊ ನಗರದ ಸಮೀಪ 1971ರ ಅಕ್ಟೋಬರ್ 1ರಂದು ಪ್ರಾರಂಭವಾದ ಈ ರೆಸಾರ್ಟ್ ಸುಮಾರು 25,000 ಎಕರೆಗಳಷ್ಟು ವಿಸ್ತಾರವಾದುದು. ಮ್ಯಾಜಿಕ್ ಕಿಂಗ್‌ಡಂ ಎಂಬ ಮೊದಲ ಉದ್ಯಾನದೊಂದಿಗೆ ಆರಂಭವಾಗಿ 1982ರಲ್ಲಿ ಎಪ್‌ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎಂದು ಕರೆಯಲಾಗುವ ಉದ್ಯಾನ, 1998ರಲ್ಲಿ ಅನಿಮಲ್ ಕಿಂಗ್‌ಡಂ ಸೇರ್ಪಡೆಯಾದವು. ಇವುಗಳ ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ವಸತಿಗೃಹಗಳಿವೆ. ಮ್ಯಾಜಿಕ್ ಕಿಂಗ್‌ಡಂ ಒಂದಕ್ಕೇ 2023ರಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಭೇಟಿ ನೀಡಿದರೆಂದು ಉದ್ಯಮದ ಅಂದಾಜುಗಳು ಹೇಳುತ್ತವೆ.

ಇಷ್ಟು ಜನರು ದಿನಕ್ಕೆ ಒಂದೆರಡು ಬಾರಿಯಾದರೂ ಊಟ ಮಾಡಲೇಬೇಕು. ಅವರಲ್ಲಿ ಹೆಚ್ಚಿನವರಿಗೆ ಹಸಿವಾಗುವುದು ಒಂದೇ ಹೊತ್ತಿಗೆ. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಮಳೆ ಸಾಮಾನ್ಯ. ಮಳೆ ಬಂದೊಡನೆ ಬಯಲಿನಲ್ಲಿದ್ದವರೆಲ್ಲ ಸೂರು ಹುಡುಕುತ್ತ ರೆಸ್ಟೋರೆಂಟ್‌ಗಳ ಬಾಗಿಲಿಗೆ ಬರುತ್ತಾರೆ. ಬಿಸಿಲಿನಲ್ಲಿ ಬಳಲಿದ ಮಕ್ಕಳು, ವೃದ್ಧರು, ವರ್ಷಗಟ್ಟಲೆ ಹಣ ಕೂಡಿಟ್ಟು ಬಂದ ಕುಟುಂಬಗಳು ಎಲ್ಲರೂ ಆ ಸಾಲಿನಲ್ಲಿರುತ್ತಾರೆ. ಅವರೆದುರು ನಿಲ್ಲುವವರು ಅಲ್ಲಿನ ಸ್ವಾಗತಕಾರರು. ಅವರಲ್ಲಿ ಅನೇಕರು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು.

ಮೊದಲ ಪಾಠ: ಸಂಸ್ಥೆಯ ಭಾಷೆ

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆಯುವ ಮೊದಲೇ ಅದರ ನೌಕರರ ತರಬೇತಿಯ ಹೊಣೆಯನ್ನು ವ್ಯಾನ್ ಆರ್ಸ್‌ಡೇಲ್ ಫ್ರಾನ್ಸ್ ಎಂಬ ತಜ್ಞರಿಗೆ ವಹಿಸಲಾಗಿತ್ತು. ಅವರು ರೂಪಿಸಿದ ತರಬೇತಿ ವಿಭಾಗವೇ ಮುಂದೆ ‘ಡಿಸ್ನಿ ಯೂನಿವರ್ಸಿಟಿ’ ಎಂದು ಪ್ರಸಿದ್ಧವಾಯಿತು. ಹೊಸದಾಗಿ ಸೇರಿದವರು ಅಡುಗೆಯವರಾಗಲಿ, ಕಸ ಗುಡಿಸುವವರಾಗಲಿ, ಲೆಕ್ಕಿಗರಾಗಲಿ, ಮೊದಲು ಹಾಜರಾಗುವುದು ‘ಟ್ರೆಡಿಷನ್ಸ್’ ಎಂಬ ಪರಿಚಯ ತರಗತಿಗೆ. ಅಲ್ಲಿ ನೌಕರರನ್ನು ಪಾತ್ರವರ್ಗದ ಸದಸ್ಯರೆಂದೂ, ಗ್ರಾಹಕರನ್ನು ಅತಿಥಿಗಳೆಂದೂ, ಜನರಿಗೆ ಕಾಣುವ ಸ್ಥಳವನ್ನು ರಂಗವೆಂದೂ, ಕಾಣದ ಸ್ಥಳವನ್ನು ನೇಪಥ್ಯವೆಂದೂ ಕರೆಯುವುದನ್ನು ಕಲಿಸಲಾಗುತ್ತದೆ. ಇದು ಕೇವಲ ಪದಗಳ ಆಟವಲ್ಲ. ರಂಗದ ಮೇಲಿರುವಾಗ ಹೇಗೆ ನಿಲ್ಲಬೇಕು, ಏನನ್ನು ತಿನ್ನಬಾರದು, ಯಾವ ಮಾತನ್ನು ನೇಪಥ್ಯಕ್ಕೆ ಬಿಡಬೇಕು ಎಂಬ ನಿಯಮಗಳೆಲ್ಲ ಈ ಒಂದು ಹೋಲಿಕೆಯಿಂದಲೇ ಹೊರಡುತ್ತವೆ.

ಇದರ ಜೊತೆಗೆ ಆದ್ಯತೆಯ ಕ್ರಮವೊಂದನ್ನು ಹೇಳಿಕೊಡಲಾಗುತ್ತದೆ: ಸುರಕ್ಷತೆ, ಸೌಜನ್ಯ, ಪ್ರದರ್ಶನ, ದಕ್ಷತೆ. 2020ರ ದಶಕದ ಆರಂಭದಲ್ಲಿ ಎಲ್ಲರನ್ನೂ ಒಳಗೊಳ್ಳುವಿಕೆ ಎಂಬ ಐದನೆಯ ಅಂಶವನ್ನು ಇದಕ್ಕೆ ಸೇರಿಸಲಾಯಿತು. ಇವುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದೇ ಇಲ್ಲಿ ಮುಖ್ಯ. ಸಾಲು ಬೇಗ ಕರಗಲಿ ಎಂದು ಒದ್ದೆಯಾದ ನೆಲದ ಮೇಲೆ ಅತಿಥಿಗಳನ್ನು ಕರೆದೊಯ್ದರೆ ಅದು ದಕ್ಷತೆಗಾಗಿ ಸುರಕ್ಷತೆಯನ್ನು ಬಲಿಕೊಟ್ಟಂತೆ. ಮೇಲಧಿಕಾರಿ ಹತ್ತಿರವಿಲ್ಲದಿದ್ದರೂ ಹೊಸ ನೌಕರರು ತಾವೇ ನಿರ್ಧಾರ ತೆಗೆದುಕೊಳ್ಳುವುದಕ್ಕೆ ಈ ಕ್ರಮ ನೆರವಾಗುತ್ತದೆ.

ಕಲಿಕೆಯ ಹಂತದಲ್ಲಿರುವವರ ಹೆಸರುಪಟ್ಟಿಯ ಕೆಳಗೆ ಅವರಿನ್ನೂ ತರಬೇತಿಯಲ್ಲಿದ್ದಾರೆಂದು ತಿಳಿಸುವ ಪಟ್ಟಿಯೊಂದನ್ನು ತೂಗುಹಾಕುವ ಪದ್ಧತಿಯೂ ಇದೆ. ಇದರಿಂದ ಅತಿಥಿಗಳಲ್ಲಿ ತಾಳ್ಮೆ ಮೂಡುತ್ತದೆ. ಕಲಿಯುವವರ ಮೇಲಿನ ಒತ್ತಡವೂ ತಗ್ಗುತ್ತದೆ. ಖರ್ಚಿಲ್ಲದ ಈ ಕ್ರಮವನ್ನು ಯಾವ ಸಂಸ್ಥೆಯಾದರೂ ಅನುಸರಿಸಬಹುದು.

ಪೋಡಿಯಂ ಬಳಿಯ ಕೆಲಸ

ತರಗತಿಯ ನಂತರ ರೆಸ್ಟೋರೆಂಟ್‌ನಲ್ಲಿಯೇ ಅನುಭವಿ ತರಬೇತುದಾರರ ಜೊತೆಯಲ್ಲಿದ್ದು ಕಲಿಯುವ ಹಂತ ಆರಂಭವಾಗುತ್ತದೆ. ಮೊದಲು ನೋಡುವುದು, ಅನಂತರ ತರಬೇತುದಾರರ ಕಣ್ಣೆದುರು ಮಾಡುವುದು, ಕೊನೆಗೆ ಸ್ವತಂತ್ರವಾಗಿ ಮಾಡಿ ತೋರಿಸುವುದು ಇದರ ಕ್ರಮ. ಹೊರನೋಟಕ್ಕೆ ಒಂದೇ ಎನಿಸುವ ಈ ಹುದ್ದೆಯಲ್ಲಿ ವಾಸ್ತವವಾಗಿ ಮೂರು ಕೆಲಸಗಳಿವೆ. ಬಾಗಿಲಲ್ಲಿ ನಿಂತು ಬಂದವರ ಹೆಸರು ಮತ್ತು ಸಂಖ್ಯೆಯನ್ನು ದಾಖಲಿಸುವುದು ಒಂದು. ಯಾವ ಮೇಜು ಯಾವಾಗ ಯಾರಿಗೆ ಎಂದು ನಿರ್ಧರಿಸುವುದು ಎರಡನೆಯದು. ಅತಿಥಿಗಳನ್ನು ಮೇಜಿನವರೆಗೆ ಕರೆದೊಯ್ದು ಕೂರಿಸುವುದು ಮೂರನೆಯದು. ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಈ ಮೂರನ್ನೂ ಬೇರೆ ಬೇರೆಯವರು ನಿರ್ವಹಿಸುತ್ತಾರೆ.

ಕಲಿಯುವವರು ಮೊದಲು ಸಭಾಂಗಣದ ನಕ್ಷೆಯನ್ನು ಬಾಯಿಪಾಠ ಮಾಡಬೇಕು. ಪ್ರತಿ ಮೇಜಿನ ಸಂಖ್ಯೆ, ಆಸನಗಳ ಸಂಖ್ಯೆ, ಗಾಲಿಕುರ್ಚಿ ಹೋಗುವ ದಾರಿ, ಎತ್ತರದ ಮಕ್ಕಳ ಕುರ್ಚಿ ಇಡಲು ಜಾಗವಿರುವ ಮೂಲೆ ಇವೆಲ್ಲ ತಿಳಿದಿರಬೇಕು. ದಾರಿ ತೋರಿಸುವಾಗ ಒಂಟಿ ಬೆರಳನ್ನು ಚಾಚಬಾರದು. ಎರಡು ಬೆರಳುಗಳನ್ನು ಅಥವಾ ತೆರೆದ ಅಂಗೈಯನ್ನು ಬಳಸಬೇಕು. ಹಲವು ದೇಶಗಳಲ್ಲಿ ಒಂದೇ ಬೆರಳು ತೋರುವುದು ಅಗೌರವವೆನಿಸುವುದೇ ಇದಕ್ಕೆ ಕಾರಣ. ಅತಿಥಿಗಳ ಮುಂದೆ ನಡೆಯುವಾಗ ಅವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ತಕ್ಕಂತೆ ನಡೆಯಬೇಕು.

ಈ ತರಬೇತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಉದಾಹರಣೆಯೊಂದಿದೆ. ‘ಮೂರು ಗಂಟೆಯ ಮೆರವಣಿಗೆ ಎಷ್ಟು ಗಂಟೆಗೆ?’ ಎಂದು ಪ್ರವಾಸಿಗರು ಕೇಳುವುದುಂಟು. ‘ಮೂರು ಗಂಟೆಗೆ’ ಎಂದು ನಕ್ಕು ಉತ್ತರಿಸುವವರು ಪ್ರಶ್ನೆಯನ್ನು ಅರ್ಥ ಮಾಡಿಕೊಂಡಿಲ್ಲವೆಂದೇ ಹೇಳಬೇಕು. ಮೆರವಣಿಗೆ ತಾವು ನಿಂತಿರುವ ಜಾಗಕ್ಕೆ ಯಾವಾಗ ಬರುತ್ತದೆ, ಎಲ್ಲಿ ನಿಂತರೆ ಮಕ್ಕಳಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ಅವರು ನಿಜವಾಗಿ ಕೇಳುತ್ತಿರುವ ಪ್ರಶ್ನೆ. ರೆಸ್ಟೋರೆಂಟ್ ಬಾಗಿಲಿನಲ್ಲಿಯೂ ಹೀಗೆಯೇ. ‘ಎಷ್ಟು ಹೊತ್ತಾಗುತ್ತದೆ?’ ಎಂದು ಕೇಳುವವರಲ್ಲಿ ಒಬ್ಬರಿಗೆ ಮಗುವಿನ ಹಸಿವಿನ ಚಿಂತೆ, ಇನ್ನೊಬ್ಬರಿಗೆ ಮುಂದಿನ ಪ್ರದರ್ಶನ ತಪ್ಪುವ ಚಿಂತೆ, ಮತ್ತೊಬ್ಬರಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕಾದ ಔಷಧಿಯ ಚಿಂತೆ.

ಕಾಯುವ ಅವಧಿಯ ಲೆಕ್ಕಾಚಾರ

‘ಹತ್ತು ನಿಮಿಷ’ ಎಂದು ಬಾಯಿಗೆ ಬಂದದ್ದನ್ನು ಹೇಳುವುದು ಈ ಹುದ್ದೆಯಲ್ಲಿ ಅತ್ಯಂತ ದುಬಾರಿಯಾಗುವ ತಪ್ಪು. ಸರಿಯಾದ ಉತ್ತರಕ್ಕೆ ಗಣಿತದ ಆಧಾರವಿದೆ. ಒಂದು ವ್ಯವಸ್ಥೆಯೊಳಗಿರುವವರ ಸರಾಸರಿ ಸಂಖ್ಯೆಯು, ಅವರು ಬರುವ ವೇಗವನ್ನು ಅವರು ಒಳಗಿರುವ ಸರಾಸರಿ ಅವಧಿಯಿಂದ ಗುಣಿಸಿದಾಗ ದೊರೆಯುವ ಮೊತ್ತಕ್ಕೆ ಸಮ ಎಂಬುದನ್ನು ಅಮೆರಿಕದ ವಿದ್ವಾಂಸ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದರು. ‘ಲಿಟ್ಲ್ ನಿಯಮ’ ಎಂದು ಕರೆಯಲ್ಪಡುವ ಈ ಸೂತ್ರವನ್ನು ಸ್ವಾಗತಕಾರರ ಮಾತಿನಲ್ಲಿ ಹೀಗೆ ಹೇಳಬಹುದು: ಮುಂದಿರುವ ತಂಡಗಳ ಸಂಖ್ಯೆಯನ್ನು ಮೇಜುಗಳು ತೆರವಾಗುವ ವೇಗದಿಂದ ಭಾಗಿಸಿದರೆ ಕಾಯುವ ಅವಧಿ ತಿಳಿಯುತ್ತದೆ.

ಉದಾಹರಣೆಗೆ, 40 ಮೇಜುಗಳಿರುವ ರೆಸ್ಟೋರೆಂಟ್‌ನಲ್ಲಿ ಪ್ರತಿ ತಂಡ ಸರಾಸರಿ 60 ನಿಮಿಷ ಕುಳಿತುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಆಗ ಸರಾಸರಿ ಒಂದೂವರೆ ನಿಮಿಷಕ್ಕೆ ಒಂದು ಮೇಜು ತೆರವಾಗುತ್ತದೆ. ಮುಂದೆ 20 ತಂಡಗಳಿದ್ದರೆ ಕಾಯಬೇಕಾದ್ದು 30 ನಿಮಿಷ. ಆದರೆ ಆ 40ರಲ್ಲಿ ಆರು ಜನ ಕೂರಬಹುದಾದ ಮೇಜುಗಳು ಐದೇ ಇದ್ದರೆ, ಅಂತಹ ಮೇಜು ತೆರವಾಗುವುದು 12 ನಿಮಿಷಕ್ಕೊಮ್ಮೆ. ಆರು ಜನರ ಕುಟುಂಬವೊಂದು ಆ ಮೇಜುಗಳ ಸಾಲಿನಲ್ಲಿ ನಾಲ್ಕನೆಯದಾಗಿದ್ದರೆ ಅವರು ಸುಮಾರು 48 ನಿಮಿಷ ಕಾಯಬೇಕಾಗುತ್ತದೆ. ಅವರ ನಂತರ ಬಂದ ದಂಪತಿಗಳು ಅವರಿಗಿಂತ ಮೊದಲೇ ಒಳಗೆ ಹೋಗುವುದೂ ಸಹಜ. ಇದನ್ನು ಮೊದಲೇ ವಿವರಿಸದಿದ್ದರೆ ಜಗಳಕ್ಕೆ ಕಾರಣವಾಗುತ್ತದೆ. ‘ನಿಮ್ಮ ಕುಟುಂಬ ಒಟ್ಟಿಗೆ ಕೂರುವಂತಹ ದೊಡ್ಡ ಮೇಜಿಗಾಗಿ ಕಾಯುತ್ತಿದ್ದೇವೆ’ ಎಂಬ ಒಂದು ವಾಕ್ಯ ಆ ಜಗಳವನ್ನು ತಪ್ಪಿಸುತ್ತದೆ.

ಹಾಗೆಂದು ಖಾಲಿಯಾದ ಮೇಜುಗಳನ್ನೆಲ್ಲ ಒಮ್ಮೆಲೇ ತುಂಬುವುದೂ ಸರಿಯಲ್ಲ. ಐದು ನಿಮಿಷಗಳಲ್ಲಿ ಹತ್ತು ಮೇಜುಗಳನ್ನು ತುಂಬಿದರೆ ಹತ್ತು ಮೇಜುಗಳ ಬೇಡಿಕೆಯೂ ಒಟ್ಟಿಗೆ ಅಡುಗೆಮನೆಗೆ ಬೀಳುತ್ತದೆ. ಬಾಗಿಲಿನಲ್ಲಿ ಕರಗಿದ ಸಾಲು ಒಲೆಯ ಮುಂದೆ ಮತ್ತೆ ಬೆಳೆಯುತ್ತದೆ. ಅಲ್ಲದೆ, ಪ್ರತಿಯೊಬ್ಬ ಸಪ್ಲೈಯರ್‌ಗೂ ಇಂತಿಷ್ಟು ಮೇಜುಗಳೆಂದು ಹಂಚಿಕೆಯಾಗಿರುತ್ತದೆ. ಒಬ್ಬರಿಗೇ ಮೂರು ತಂಡಗಳನ್ನು ಒಟ್ಟಿಗೆ ಕೊಟ್ಟರೆ ಅವರು ಸೋಲುತ್ತಾರೆ. ಇನ್ನೊಬ್ಬರಿಗೆ ಕೊಡದೇ ಹೋದರೆ ಅವರ ಆದಾಯ ತಗ್ಗುತ್ತದೆ. ಅಮೆರಿಕದಲ್ಲಿ ಸಪ್ಲೈಯರ್‌ಗಳ ಗಳಿಕೆಯ ದೊಡ್ಡ ಪಾಲು ಟಿಪ್ಸ್‌ನಿಂದಲೇ ಬರುವುದರಿಂದ, ಸ್ವಾಗತಕಾರರ ಪಕ್ಷಪಾತ ನೇರವಾಗಿ ಸಹೋದ್ಯೋಗಿಯ ಮನೆಯ ಖರ್ಚನ್ನು ತಟ್ಟುತ್ತದೆ. ಸರದಿಯ ಪ್ರಕಾರ ಹಂಚುವುದನ್ನು ತರಬೇತಿಯಲ್ಲಿ ಕಟ್ಟುನಿಟ್ಟಾಗಿ ಕಲಿಸುವುದು ಇದಕ್ಕಾಗಿ.

ಮಾಲೀಕರ ದೃಷ್ಟಿಯಿಂದಲೂ ಈ ನಿರ್ಧಾರಗಳ ಬೆಲೆಯನ್ನು ಅಳೆಯಬಹುದು. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶೆರಿಲ್ ಕೈಮ್ಸ್ 1990ರ ದಶಕದ ಕೊನೆಯಲ್ಲಿ ಪ್ರಚುರಪಡಿಸಿದ ಮಾನದಂಡವೊಂದು ಲಭ್ಯವಿರುವ ಪ್ರತಿ ಆಸನದಿಂದ ಪ್ರತಿ ಗಂಟೆಗೆ ಬರುವ ಆದಾಯವನ್ನು ಲೆಕ್ಕ ಹಾಕುತ್ತದೆ. ನೂರು ಆಸನಗಳ ಹೋಟೆಲಿಗೆ ಮೂರು ಗಂಟೆಗಳಲ್ಲಿ 90,000 ರೂಪಾಯಿ ಬಂದರೆ ಪ್ರತಿ ಆಸನದ ಪ್ರತಿ ಗಂಟೆಯ ಆದಾಯ 300 ರೂಪಾಯಿ. ನಾಲ್ಕು ಆಸನಗಳ ಮೇಜಿನಲ್ಲಿ ಇಬ್ಬರನ್ನು ಕೂರಿಸಿದಾಗಲೆಲ್ಲ ಅರ್ಧದಷ್ಟು ಆಸನಗಳು ಆದಾಯವಿಲ್ಲದೆ ಉಳಿಯುತ್ತವೆ. ಈ ನಿರ್ಧಾರವನ್ನು ಕೈಗೊಳ್ಳುವವರು ಗಲ್ಲಾದಲ್ಲಿ ಕುಳಿತ ಮಾಲೀಕರಲ್ಲ, ಬಾಗಿಲಲ್ಲಿ ನಿಂತ ನೌಕರರು.

ಕಾಯುವವರ ಮನಸ್ಸು

ಕಾಯುವಿಕೆ ಗಡಿಯಾರಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಡೇವಿಡ್ ಮೈಸ್ಟರ್ ಎಂಬ ನಿರ್ವಹಣಾ ತಜ್ಞರು 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಾಲಿನಲ್ಲಿ ನಿಂತವರ ಮನಃಸ್ಥಿತಿಯನ್ನು ವಿಶ್ಲೇಷಿಸಿದ್ದಾರೆ. ಅದರ ಸಾರಾಂಶ ಹೀಗಿದೆ: ಸುಮ್ಮನೆ ನಿಂತು ಕಾಯುವುದು, ಏನಾದರೂ ಮಾಡುತ್ತ ಕಾಯುವುದಕ್ಕಿಂತ ದೀರ್ಘವೆನಿಸುತ್ತದೆ. ಎಷ್ಟು ಹೊತ್ತೆಂದು ತಿಳಿಯದ, ಕಾರಣ ಗೊತ್ತಿಲ್ಲದ, ಅನ್ಯಾಯವೆನಿಸುವ ಕಾಯುವಿಕೆ ಇನ್ನಷ್ಟು ದೀರ್ಘವೆನಿಸುತ್ತದೆ. ಆದ್ದರಿಂದಲೇ ಸ್ವಾಗತಕಾರರು ಬಂದವರ ಹೆಸರನ್ನು ತಕ್ಷಣ ಬರೆದುಕೊಳ್ಳುವುದು, ಕಾಯುತ್ತಿರುವಾಗಲೇ ಊಟದ ಪಟ್ಟಿಯನ್ನು ಕೈಗೆ ಕೊಡುವುದು, ತಡವಾದರೆ ತಾವಾಗಿಯೇ ಹೋಗಿ ತಿಳಿಸುವುದು ಇವೆಲ್ಲ ತರಬೇತಿಯ ಭಾಗವಾಗಿವೆ. 30 ನಿಮಿಷವೆಂದು ಹೇಳಿ 25 ನಿಮಿಷಕ್ಕೆ ಕರೆದರೆ ಅತಿಥಿಗೆ ಸಂತೋಷ. 20 ನಿಮಿಷವೆಂದು ಹೇಳಿ 25 ನಿಮಿಷಕ್ಕೆ ಕರೆದರೆ ದೂರು. ಎರಡೂ ಸಂದರ್ಭಗಳಲ್ಲಿ ಕಾದದ್ದು ಅಷ್ಟೇ ಹೊತ್ತು.

ಹಾಗೆಯೇ, ಕಾಯುವ ಅವಧಿಯನ್ನು ಬೇಕೆಂದೇ ಅತಿಯಾಗಿ ಹೆಚ್ಚಿಸಿ ಹೇಳುವುದೂ ತಪ್ಪು. ಒಂದು ಗಂಟೆಯೆಂದು ಕೇಳಿ ಹಿಂದಿರುಗಿದ ಕುಟುಂಬದ ಊಟವೂ ಅವರ ವಿಶ್ವಾಸವೂ ಒಟ್ಟಿಗೆ ಕೈತಪ್ಪುತ್ತವೆ.

ಊಹೆಗೆ ಅವಕಾಶವಿಲ್ಲದ ವಿಷಯಗಳು

ಸ್ವಾಗತಕಾರರ ಕೆಲಸದಲ್ಲಿ ಎರಡು ವಿಷಯಗಳು ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಮೊದಲನೆಯದು ಆಹಾರದ ಅಲರ್ಜಿ. ಅಮೆರಿಕದಲ್ಲಿ 2004ರ ಶಾಸನವು ಹಾಲು, ಮೊಟ್ಟೆ, ಮೀನು, ಸಿಗಡಿ–ಏಡಿಯಂತಹ ಚಿಪ್ಪುಜೀವಿಗಳು, ಗೋಡಂಬಿ–ಬಾದಾಮಿಯಂತಹ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಎಂಬ ಎಂಟನ್ನು ಪ್ರಮುಖ ಅಲರ್ಜಿಕಾರಕಗಳೆಂದು ಗುರುತಿಸಿತು. 2021ರ ಶಾಸನದ ಪ್ರಕಾರ 2023ರ ಜನವರಿ 1ರಿಂದ ಎಳ್ಳು ಒಂಬತ್ತನೆಯದಾಗಿ ಸೇರಿತು. ಈ ಶಾಸನಗಳು ಪೊಟ್ಟಣಗಳ ಮೇಲಿನ ವಿವರಕ್ಕೆ ಸಂಬಂಧಿಸಿದವಾದರೂ ರೆಸ್ಟೋರೆಂಟ್‌ಗಳು ಅದೇ ಪಟ್ಟಿಯನ್ನು ಆಧಾರವಾಗಿ ಬಳಸುತ್ತವೆ. ಅಲರ್ಜಿಯ ಮಾಹಿತಿಯನ್ನು ಬಾಗಿಲಿನಲ್ಲಿಯೇ ಕೇಳಿ ದಾಖಲಿಸಿ, ಸಪ್ಲೈಯರ್ ಮತ್ತು ಬಾಣಸಿಗರಿಗೆ ತಲುಪಿಸುವುದು ಸ್ವಾಗತಕಾರರ ಕರ್ತವ್ಯ. ‘ಇದರಲ್ಲಿ ಕಡಲೆಕಾಯಿ ಇರಲಾರದು’ ಎಂದು ತಾವೇ ಊಹಿಸಿ ಭರವಸೆ ಕೊಡುವುದು ನಿಷಿದ್ಧ. ಇಲ್ಲಿ ಒಂದು ತಪ್ಪು ಮಾತು ಒಂದು ಜೀವವನ್ನೇ ತೆಗೆಯಬಲ್ಲದು.

ಎರಡನೆಯದು ಅಂಗವಿಕಲರ ಹಕ್ಕು. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಂತೆ ತರಬೇತಿ ಪಡೆದ ಸಹಾಯಕ ನಾಯಿಯೊಂದಿಗೆ ಬಂದವರನ್ನು ರೆಸ್ಟೋರೆಂಟ್‌ನೊಳಗೆ ಬಿಡಲೇಬೇಕು. ನಾಯಿಯ ಪಾತ್ರ ಸ್ಪಷ್ಟವಾಗಿ ತೋರದಿದ್ದಾಗ ನೌಕರರು ಕೇಳಬಹುದಾದ ಪ್ರಶ್ನೆಗಳು ಎರಡೇ: ಅಂಗವೈಕಲ್ಯದ ಕಾರಣದಿಂದ ಈ ನಾಯಿ ಅಗತ್ಯವೇ, ಅದಕ್ಕೆ ಯಾವ ಕೆಲಸವನ್ನು ಕಲಿಸಲಾಗಿದೆ. ಕಾಯಿಲೆ ಯಾವುದೆಂದು ಕೇಳುವಂತಿಲ್ಲ, ಪ್ರಮಾಣಪತ್ರ ತೋರಿಸಲು ಹೇಳುವಂತಿಲ್ಲ. ಸಭ್ಯತೆಯಿಂದಲೇ ಕೇಳಿದ ಮೂರನೆಯ ಪ್ರಶ್ನೆಯೂ ಕಾನೂನಿನ ಉಲ್ಲಂಘನೆಯಾಗಬಹುದಾದ್ದರಿಂದ ಈ ಎರಡು ಪ್ರಶ್ನೆಗಳನ್ನು ಅಕ್ಷರಶಃ ಕಲಿಸಲಾಗುತ್ತದೆ.

ಕಲಿಯುವವರು ಯಾರು? ಅವರಿಗೆ ದೊರೆಯುವುದೇನು?

ಈ ರೆಸಾರ್ಟ್‌ನ ಸ್ವಾಗತಕಾರರಲ್ಲಿ ಕಾಯಂ ನೌಕರರೂ ಇದ್ದಾರೆ, ಕಾಲೇಜು ಕಾರ್ಯಕ್ರಮದ ಮೂಲಕ ಕೆಲವು ತಿಂಗಳುಗಳಿಗೆಂದು ಬರುವ ವಿದ್ಯಾರ್ಥಿಗಳೂ ಇದ್ದಾರೆ. ಎಪ್‌ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಾದರಿ ಮಂಟಪಗಳಿದ್ದು, ಅವುಗಳಲ್ಲಿ ದುಡಿಯಲು ಆಯಾ ದೇಶಗಳ ಯುವಜನರನ್ನು ಸಾಂಸ್ಕೃತಿಕ ವಿನಿಮಯದ ವೀಸಾ ಮೇಲೆ ಕರೆಸಿಕೊಳ್ಳಲಾಗುತ್ತದೆ. ಭಾರತದ ಮಂಟಪ ಅಲ್ಲಿಲ್ಲ. ಹೆಸರುಪಟ್ಟಿಯ ಮೇಲೆ ನೌಕರರ ಊರನ್ನೋ ದೇಶವನ್ನೋ ಮುದ್ರಿಸುವ ಪದ್ಧತಿಯಿದ್ದು, ಅತಿಥಿಗಳೊಡನೆ ಮಾತು ಆರಂಭವಾಗಲು ಅದೇ ಸಾಕಾಗುತ್ತದೆ.

ಗಳಿಕೆಯ ವಿಷಯ ಇಷ್ಟು ಸುಂದರವಲ್ಲ. ಸಪ್ಲೈಯರ್‌ಗಳಿಗೆ ಟಿಪ್ಸ್ ಬಂದರೆ ಸ್ವಾಗತಕಾರರು ಮುಖ್ಯವಾಗಿ ಗಂಟೆಯ ಕೂಲಿಯನ್ನೇ ಅವಲಂಬಿಸುತ್ತಾರೆ. ಕಾಲೇಜು ಕಾರ್ಯಕ್ರಮದವರಿಗೆ ವಸತಿ ದೊರೆಯುತ್ತದಾದರೂ ಅದರ ಬಾಡಿಗೆ ಸಂಬಳದಲ್ಲಿಯೇ ಕಡಿತವಾಗುತ್ತದೆ. 2023ರಲ್ಲಿ ರೆಸಾರ್ಟ್‌ಗೂ ಕಾರ್ಮಿಕ ಸಂಘಗಳ ಒಕ್ಕೂಟಕ್ಕೂ ಆದ ಒಪ್ಪಂದದಂತೆ ಆ ವರ್ಷದ ಅಂತ್ಯಕ್ಕೆ ಆರಂಭಿಕ ಕನಿಷ್ಠ ಕೂಲಿಯನ್ನು ಗಂಟೆಗೆ 18 ಡಾಲರ್‌ಗೆ ಏರಿಸಲಾಯಿತು. ಫ್ಲೋರಿಡಾ ಮತದಾರರು 2020ರಲ್ಲಿ ಅಂಗೀಕರಿಸಿದ ತಿದ್ದುಪಡಿಯು ರಾಜ್ಯದ ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಏರಿಸಿ 2026ರ ಸೆಪ್ಟೆಂಬರ್ 30ಕ್ಕೆ 15 ಡಾಲರ್‌ಗೆ ಮುಟ್ಟಿಸುವಂತೆ ನಿಗದಿಪಡಿಸಿದೆ. ತರಬೇತಿಗೆ ವೆಚ್ಚ ಮಾಡಿದ ಮೇಲೆ ನೌಕರರನ್ನು ಉಳಿಸಿಕೊಳ್ಳುವಷ್ಟು ಸಂಬಳ ಕೊಡದಿದ್ದರೆ ಆ ವೆಚ್ಚವೂ ಅವರೊಂದಿಗೇ ಹೊರಗೆ ಹೋಗುತ್ತದೆ ಎಂಬುದನ್ನು ಉದ್ಯಮಿಗಳು ಮರೆಯುವಂತಿಲ್ಲ.

ನಮ್ಮ ರಾಜ್ಯಕ್ಕೆ ಅನ್ವಯ

ಕರ್ನಾಟಕಕ್ಕೆ ಈ ವಿಷಯ ದೂರದ್ದೇನಲ್ಲ. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನಕ್ಕೆ 2012ರಲ್ಲಿ ರೆಸಾರ್ಟ್ ಸೇರಿಕೊಂಡಿತು. ಕೊಡಗು, ಚಿಕ್ಕಮಗಳೂರು, ಕರಾವಳಿ ಭಾಗಗಳಲ್ಲಿ ರೆಸಾರ್ಟ್‌ಗಳು ಹೆಚ್ಚಿವೆ. ಸ್ವಾಗತದ ಕಲೆ ನಮಗೆ ಹೊಸದೂ ಅಲ್ಲ. 1924ರಲ್ಲಿ ಆರಂಭವಾದ ಬೆಂಗಳೂರಿನ ಎಂ.ಟಿ.ಆರ್.ನಲ್ಲಿ ಬಂದವರ ಹೆಸರು ಬರೆದುಕೊಂಡು, ಕಾಯುವ ಕೋಣೆಯಲ್ಲಿ ಕೂರಿಸಿ, ಸರದಿ ಬಂದಾಗ ಕೂಗಿ ಕರೆಯುವ ಪದ್ಧತಿ ಹಳೆಯ ಗ್ರಾಹಕರಿಗೆಲ್ಲ ಪರಿಚಿತ. ಹೆಸರು ಬರೆದುಕೊಂಡ ಕ್ಷಣದಿಂದ ಕಾಯುವವರು ಆ ಮನೆಯ ಅತಿಥಿಗಳಾಗುತ್ತಾರೆ. ಇನ್ನೊಂದೆಡೆ, 1980ರ ದಶಕದಿಂದ ಬೆಳೆದ ದರ್ಶಿನಿಗಳು ಆಸನಗಳನ್ನೇ ತೆಗೆದುಹಾಕಿ ಸಾಲಿನ ಸಮಸ್ಯೆಗೆ ಬೇರೆಯದೇ ಉತ್ತರ ಕಂಡುಕೊಂಡವು. ಈ ಎರಡರ ನಡುವೆ ಇರುವ ಸಾವಿರಾರು ಕುಟುಂಬ ರೆಸ್ಟೋರೆಂಟ್‌ಗಳಿಗೆ ಭಾನುವಾರದ ಸಂಜೆ ಬಾಗಿಲಲ್ಲಿ ನಿಲ್ಲುವವರ ಅಗತ್ಯವಿದೆ.

ಅಂತಹವರನ್ನು ಸಿದ್ಧಪಡಿಸಲು ದೊಡ್ಡ ಸಂಸ್ಥೆಯೇ ಆಗಬೇಕೆಂದಿಲ್ಲ. ಮೇಜುಗಳ ನಕ್ಷೆಯೊಂದನ್ನು ಬರೆಸುವುದು, ಒಂದು ವಾರ ಪ್ರತಿ ತಂಡ ಎಷ್ಟು ಹೊತ್ತು ಕುಳಿತುಕೊಳ್ಳುತ್ತದೆಂದು ಗುರುತಿಸುವುದು, ಹೇಳಿದ ಅವಧಿಯನ್ನೂ ಕರೆದ ಅವಧಿಯನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯುವುದು, ಅಲರ್ಜಿಯ ಬಗ್ಗೆ ಕೇಳುವ ಅಭ್ಯಾಸ ಮಾಡಿಸುವುದು ಇವಿಷ್ಟರಿಂದ ಆರಂಭಿಸಬಹುದು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯು ಕೇಂದ್ರ ಪರವಾನಗಿ ಹೊಂದಿದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಶಾಖೆಗಳುಳ್ಳ ಆಹಾರ ಸೇವಾ ಸಂಸ್ಥೆಗಳು ಅಲರ್ಜಿಕಾರಕಗಳ ಮಾಹಿತಿಯನ್ನು ಒದಗಿಸಬೇಕೆಂದು ಹೇಳುವುದರಿಂದ ಈ ಅಭ್ಯಾಸ ಸಣ್ಣವರಿಗೂ ಇಂದಲ್ಲ ನಾಳೆ ಅನಿವಾರ್ಯವಾಗಲಿದೆ.

ಎಲ್ಲಕ್ಕಿಂತ ಮುಖ್ಯವಾದುದು ಆ ಸ್ಥಾನಕ್ಕೆ ಕೊಡುವ ಮನ್ನಣೆ. ಅಡುಗೆ ಎಷ್ಟೇ ರುಚಿಯಾಗಿರಲಿ, ಅದನ್ನು ಸವಿಯುವ ಮೊದಲು ಗ್ರಾಹಕರು ಬಾಗಿಲನ್ನು ದಾಟಬೇಕು. ಅಲ್ಲಿ ನಿಂತು ದಿನಕ್ಕೆ ನೂರಾರು ಬಾರಿ ‘ಬನ್ನಿ’ ಎನ್ನುವವರಿಗೆ ಆ ಮಾತಿನ ಬೆಲೆಯನ್ನು ತಿಳಿಸಿಕೊಡುವುದು, ಅವರ ದುಡಿಮೆಗೆ ತಕ್ಕ ಬೆಲೆಯನ್ನು ಕೊಡುವುದು ಎರಡೂ ಮಾಲೀಕರ ಹೊಣೆಯೇ ಆಗಿದೆ.